ಕುಂಡದ ಗಿಡದಲ್ಲಿ ಹಳೆಯ ಪುಸ್ತಕ



ನಮ್ಮ ತಾರ್ನಾಕದಲ್ಲಿ ಮನೆ ಮುಂದೆ ಕುಂಡದಲ್ಲಿ ಸೈಕಸ್ ಬೆಳೆಸಿದವರು ಹಲವರಿದ್ದೀರಿ. ನೋಡಲು ತಾಳೆಯಂತಿದ್ದರೂ ಅದು ತಾಳೆಯಲ್ಲ. ಹೂವಿಲ್ಲ, ಹಣ್ಣಿಲ್ಲ, ಬೀಜ ಮಾತ್ರ ಉಂಟು. ಹೂಗಿಡಗಳಿಗಿಂತ ಮೊದಲೇ ಭೂಮಿಗೆ ಬಂದ ವಂಶ ಅದರದು. ಅದರ ವೀರ್ಯಾಣು ಇಂದಿಗೂ ಜರೀಗಿಡದ ವೀರ್ಯಾಣುವಿನಂತೆ ಈಜಿಯೇ ಅಂಡವನ್ನು ಸೇರುತ್ತದೆ.

2022ರಲ್ಲಿ ವಿಜ್ಞಾನಿಗಳು ಚೀನಾದ ಒಂದು ಸೈಕಸ್ ಜಾತಿಯ ಜೀನೋಮ್ ಓದಿ ಪ್ರಕಟಿಸಿದರು. ಅದರಲ್ಲಿ ಸುಮಾರು 1,050 ಕೋಟಿ ಅಕ್ಷರಗಳು; ನಮ್ಮದರಲ್ಲಿ ಸುಮಾರು 300 ಕೋಟಿ. ಸೈಕಸ್, ಪೈನ್, ಗಿಂಕ್ಗೊಗಳ ಪೂರ್ವಜ ಸಸ್ಯದಲ್ಲಿ ಒಮ್ಮೆ ಇಡೀ ಜೀನೋಮ್ ಎರಡು ಪ್ರತಿಯಾಗಿದ್ದ ಗುರುತು ಅವರಿಗೆ ಸಿಕ್ಕಿತು.

ಇದರಿಂದೇನು ಲಾಭ? ಅಜ್ಜಿಯ ಅಡುಗೆ ಪುಸ್ತಕ ನೆನೆಸಿಕೊಳ್ಳಿ. ಒಂದೇ ಪ್ರತಿಯಿದ್ದರೆ ತಿದ್ದಲು ಭಯ. ಎರಡಿದ್ದರೆ ಒಂದು ಮನೆ ನಡೆಸುತ್ತದೆ, ಇನ್ನೊಂದರಲ್ಲಿ ಹೊಸ ರುಚಿ ಪ್ರಯತ್ನಿಸಬಹುದು. ಜೀನುಗಳದೂ ಹಾಗೆಯೇ. ಹೆಚ್ಚಿನ ನಕಲುಗಳು ಅಳಿಸಿಹೋಗುತ್ತವೆ, ಕೆಲವು ಹೊಸ ಕೆಲಸ ಕಲಿಯುತ್ತವೆ.

ಕುಂಡದ ಸೈಕಸ್ ಸಾಮಾನ್ಯವಾಗಿ ಜಪಾನ್ ಮೂಲದ್ದು. ನಮ್ಮ ಪಶ್ಚಿಮ ಘಟ್ಟದಲ್ಲೇ ಹುಟ್ಟಿ ಬೆಳೆದ ಸೈಕಸ್ ಸರ್ಸಿನಾಲಿಸ್ ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಕಾಡು ಕಡಿಯುತ್ತಿದ್ದೇವೆ, ಅಲಂಕಾರಕ್ಕೆಂದು ಎಲೆ ಕೊಯ್ಯುತ್ತಿದ್ದೇವೆ. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡುಗಿಡ ಹತ್ತಿರವಿಲ್ಲದಿದ್ದರೆ ಹೆಣ್ಣುಗಿಡದ ಬೀಜ ಮೊಳೆಯದು.

ಜೀನೋಮನ್ನು ಕಂಪ್ಯೂಟರಿನಲ್ಲಿ ಉಳಿಸಬಹುದು. ಮೊಳಕೆ ಮಾತ್ರ ಮಣ್ಣಿನಲ್ಲೇ ಒಡೆಯಬೇಕು. ಮುಂದಿನ ಸಲ ಚಪ್ಪರಕ್ಕೆ ಸೈಕಸ್ ಎಲೆ ತಂದರೆ, ಎಲ್ಲಿಂದ ತಂದಿರೆಂದು ಒಮ್ಮೆ ಕೇಳಿ.