ಗಿರಿಜನರ ಆರೋಗ್ಯ ಮತ್ತು ಸಂಸ್ಕೃತಿ: ಸೋಲಿಗರು ತೋರಿದ ದಾರಿ

(ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಕನ್ನಡಿಗ ಶ್ರಮಿಕರು ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಮಾರುಕಟ್ಟೆಯ ಮಸಾಲೆ ಅಂಗಡಿಗಳಲ್ಲಿ ದಗಡಫೂಲ್ ಎಂದು ಮಾರುವ ಪದಾರ್ಥವನ್ನು ತಾವೆಲ್ಲರೂ ಬಲ್ಲಿರಿ. ನಮ್ಮ ನಾಡಿನಲ್ಲಿ ಅದನ್ನು ಕಲ್ಲುಹೂವು ಎನ್ನುತ್ತಾರೆ. ಇಂತಹ ವಸ್ತುಗಳನ್ನು ಕಾಡಿನಿಂದ ಆಯ್ದು ತರುವವರಲ್ಲಿ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿದ್ದಾರೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿಗಳನ್ನೂ ಅವರು ಸಂಗ್ರಹಿಸಿ ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳಿಗೆ ಒಪ್ಪಿಸುತ್ತ ಬಂದವರು. ಹೊರೆ ಹೊತ್ತವನ ಹೆಸರು ಸರಕಿನ ಮೇಲೆ ಇರುವುದಿಲ್ಲವೆಂಬುದನ್ನು ಈ ಯಾರ್ಡಿನ ಹಮಾಲ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ. ಆದುದರಿಂದಲೇ ಆ ಜನರ ಆರೋಗ್ಯ ಮತ್ತು ಸಂಸ್ಕೃತಿಯ ವಿಷಯವನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

ಸೋಲಿಗರು ಪೋಡು ಎಂದು ಕರೆಯಲ್ಪಡುವ ಸಣ್ಣ ಹಾಡಿಗಳಲ್ಲಿ ವಾಸಿಸುತ್ತಾರೆ. 1974ರಲ್ಲಿ ಆ ಬೆಟ್ಟಗಳು ವನ್ಯಜೀವಿಧಾಮವಾದವು. ಸ್ಥಳ ಬದಲಿಸುತ್ತ ಬೇಸಾಯ ಮಾಡುವ ಪದ್ಧತಿ ನಿಂತಿತು. ಜನರು ಒಂದೆಡೆ ನೆಲೆಸಬೇಕಾಯಿತು. ಕಾಡಿನ ಗೆಡ್ಡೆ, ಸೊಪ್ಪು, ಜೇನು ಕೈತಪ್ಪಿದಾಗ ಊಟವೂ ಬದಲಾಗುತ್ತದೆ, ಔಷಧವೂ ದೂರವಾಗುತ್ತದೆ. ಆರೋಗ್ಯವೆಂಬುದು ಆಸ್ಪತ್ರೆಯ ಗೋಡೆಯೊಳಗೆ ಮಾತ್ರ ಇರುವ ವಸ್ತುವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವೈದ್ಯರಾದ ಡಾ. ಎಚ್. ಸುದರ್ಶನ್ ಅವರು ಈ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಅವರು ಅಲ್ಲಿ ಕಲಿಸಿದ್ದಷ್ಟೇ ಅಲ್ಲ, ಕಲಿತದ್ದೂ ಉಂಟು. ಸೋಲಿಗ ತಾಯಂದಿರು ಕುಕ್ಕರಗಾಲಿನಲ್ಲಿ ಕುಳಿತು ಹೆರುವ ಪದ್ಧತಿಯನ್ನು ಅಜ್ಞಾನವೆಂದು ತಳ್ಳಿಹಾಕದೆ, ಅದರ ಗುಣವನ್ನು ಅವರು ಗುರುತಿಸಿದರು. ಹೆರಿಗೆಯ ಭಂಗಿಯನ್ನು ಆಯ್ದುಕೊಳ್ಳುವ ಅವಕಾಶ ತಾಯಿಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಸೋಲಿಗ ಹೆಣ್ಣುಮಕ್ಕಳಿಗೇ ದಾದಿಯ ತರಬೇತಿ ನೀಡುವ ಕಾರ್ಯವನ್ನೂ ಕೇಂದ್ರವು ಕೈಗೊಂಡಿತು. ತನ್ನ ನುಡಿಯನ್ನು ಬಲ್ಲ ದಾದಿಯ ಮುಂದೆ ರೋಗಿಯ ಅಂಜಿಕೆ ಅರ್ಧ ಇಳಿಯುತ್ತದೆ.

ಇನ್ನೊಂದು ಮಹತ್ವದ ಕಾರ್ಯ ಆ ಸಮುದಾಯದ ವಿದ್ಯಾವಂತ ತರುಣರಿಂದಲೇ ನಡೆಯಿತು. ಸೋಲಿಗರಲ್ಲಿ ಹುಟ್ಟಿ, ಡಾಕ್ಟರೇಟ್ ಪದವಿ ಪಡೆದ ಡಾ. ಸಿ. ಮಾದೇಗೌಡ ಅವರ ಹೆಸರನ್ನು ಇಲ್ಲಿ ಸ್ಮರಿಸಬೇಕು. ಓದಿದವನು ಪೋಡನ್ನು ಬಿಟ್ಟು ಪಟ್ಟಣ ಸೇರುವುದೇ ಏಳಿಗೆಯೆಂದು ಅವರು ಭಾವಿಸಲಿಲ್ಲ. ಹಿರಿಯರೊಡನೆ ಕಾಡು ನಡೆದು, ಏಟ್ರೀ ಸಂಶೋಧನಾ ಸಂಸ್ಥೆಯ ಸಂಗಡಿಗರೊಂದಿಗೆ, ಸೋಲಿಗರ ಪವಿತ್ರ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಹೆಸರುಗಳುಳ್ಳ ಇಂತಹ ಸುಮಾರು 500 ತಾಣಗಳು ದಾಖಲಾದವು. ಹಾಡಿನಲ್ಲಿ, ನೆನಪಿನಲ್ಲಿ ಉಳಿದಿದ್ದ ಊರು ಹೀಗೆ ಕಾಗದದ ಮೇಲೂ ಮೂಡಿತು.

ಇದರ ಫಲವೇನೆಂದು ತಾವು ಕೇಳಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯು ಕಾಡಿನಲ್ಲಿ ಬಾಳಿದವರ ಹಕ್ಕನ್ನು ಒಪ್ಪಿದೆ. ಆದರೆ ಹಕ್ಕನ್ನು ಕೇಳುವವನು ಪುರಾವೆಯನ್ನು ಮುಂದಿಡಬೇಕು. 2011ರ ಜನವರಿಯಲ್ಲಿ ಆ ಪ್ರದೇಶವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರಗಳು ದೊರೆತವು. ಜೇನು, ನೆಲ್ಲಿಕಾಯಿಗಳಂತಹ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಅವರ ಹಕ್ಕು ಹೀಗೆ ಮಾನ್ಯವಾಯಿತು. ಸಂಸ್ಕೃತಿಯನ್ನು ಕಾಪಾಡಿದುದು ಅನ್ನವನ್ನೂ ಕಾಪಾಡಿತು.

ಈಗ ಮುಂದಿರುವ ಕೆಲಸ ಕುಡಗೋಲು ಕಣ ರಕ್ತಹೀನತೆಯದು. ಸಿಕಲ್ ಸೆಲ್ ಎಂಬ ಈ ವಂಶವಾಹಿ ಕಾಯಿಲೆ ಸೋಲಿಗರಲ್ಲಿಯೂ ಮಹಾರಾಷ್ಟ್ರದ ಅನೇಕ ಆದಿವಾಸಿಗಳಲ್ಲಿಯೂ ಕಂಡುಬರುತ್ತದೆ. ಇದನ್ನು 2047ರೊಳಗೆ ನಿವಾರಿಸುವ ರಾಷ್ಟ್ರೀಯ ಕಾರ್ಯಕ್ರಮವು 2023ರ ಜುಲೈ 1ರಂದು ಆರಂಭವಾಯಿತು. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ವಾಹಕರಾಗಿರುವುದು ಕಾಯಿಲೆಯಲ್ಲ, ಕಳಂಕವೂ ಅಲ್ಲ. ಆದರೆ ಈ ಮಾತನ್ನು ಅರ್ಥವಾಗದ ಭಾಷೆಯಲ್ಲಿ ಹೇಳಿ ಚೀಟಿಯೊಂದನ್ನು ಕೈಗಿತ್ತರೆ, ಆ ಚೀಟಿ ಹೆಣ್ಣುಮಗಳ ಮದುವೆಯನ್ನು ಮುರಿಯಬಹುದು. ತಿಳಿಸಿ ಹೇಳುವವರು ಆ ಪೋಡಿನವರೇ ಆಗಿರಬೇಕು.

ಬಂಧುಗಳೇ, ಪರಊರಿನಲ್ಲಿ ಬಾಳುವ ತಮಗೂ ಇದು ಅನ್ವಯಿಸುತ್ತದೆ. ತಮ್ಮಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ, ಮರಾಠಿಯನ್ನೂ ಕನ್ನಡವನ್ನೂ ಬಲ್ಲ ಒಬ್ಬ ತರುಣನನ್ನೋ ತರುಣಿಯನ್ನೋ ಅವರೊಡನೆ ಆಸ್ಪತ್ರೆಗೆ ಕಳುಹಿಸಿರಿ. ಮನೆಯಲ್ಲಿ ಮಕ್ಕಳಿಗೆ ಕನ್ನಡವನ್ನು ಕಲಿಸಿರಿ. ಅಜ್ಜಿಯ ನೋವನ್ನು ವೈದ್ಯರಿಗೆ ತಿಳಿಸಲು ನಾಳೆ ಆ ಮಗುವೇ ಬೇಕಾದೀತು. ಬಿಳಿಗಿರಿಯ ತರುಣರು ತಮ್ಮವರಿಗಾಗಿ ಮಾಡಿದುದೂ ಇದನ್ನೇ.