ದೊಣ್ಣೆಮೆಣಸಿನಕಾಯಿಯ ತುಂಬುಗಾಯಿ

ಅಡಿಗೆಯ ವಿಷಯವಾಗಿ ಮಾತನಾಡುವುದಕ್ಕೆ ಕಾಲೇಜಿನ ಉಪಾಧ್ಯಾಯನಿಗೆ ಏನು ಅಧಿಕಾರವೆಂದು ಶ್ರೋತೃಗಳಲ್ಲಿ ಕೆಲವರಾದರೂ ಕೇಳದೆ ಇರಲಾರರು. ಪ್ರಶ್ನೆ ನ್ಯಾಯವಾದುದೇ. ಆದರೆ ಉಣ್ಣುವ ಅಧಿಕಾರ ಯಾರಿಗುಂಟೋ ಅವರಿಗೆ ಉಣಿಸನ್ನು ಕುರಿತು ಯೋಚಿಸುವ ಹೊಣೆಯೂ ಉಂಟು. ಅದರಲ್ಲಿಯೂ ರಾತ್ರಿಯ ಊಟವನ್ನು ಕುರಿತು ಯೋಚಿಸುವುದು ಅಗತ್ಯ. ಮಧ್ಯಾಹ್ನ ಮಕ್ಕಳು ಶಾಲೆಯಲ್ಲಿ ಉಣ್ಣುತ್ತಾರೆ. ಹಿರಿಯರು ಬುತ್ತಿಯನ್ನೋ ಹೋಟಲನ್ನೋ ಆಶ್ರಯಿಸುತ್ತಾರೆ. ಮನೆಮಂದಿಯೆಲ್ಲ ಒಂದೇ ಕಡೆ ಕುಳಿತು ಉಣ್ಣುವುದು ವಾರದ ದಿನಗಳಲ್ಲಿ ಇದೊಂದೇ ಹೊತ್ತು. ವಿಚಿತ್ರವೇನೆಂದರೆ, ದಿನದ ಈ ಮುಖ್ಯವಾದ ಊಟ ಸಿದ್ಧವಾಗಬೇಕಾದುದು, ಅದನ್ನು ಸಿದ್ಧಪಡಿಸುವವರು ಎಲ್ಲಕ್ಕಿಂತ ಹೆಚ್ಚು ದಣಿದಿರುವ ಹೊತ್ತಿನಲ್ಲಿ.

ಬಂಟವಾಳದಿಂದ ಮೂಡಬಿದಿರೆಗೆ ಹೋಗುವ ಹಾದಿಯಲ್ಲಿ ಸಿದ್ಧಕಟ್ಟೆ ಎಂಬ ಊರಿದೆ. ಸುತ್ತ ಅಡಕೆ ತೆಂಗುಗಳ ತೋಟ. ಅಡಕೆಯ ಮರವನ್ನು ತಬ್ಬಿಕೊಂಡು ಮೇಲೇರುವ ಮೆಣಸಿನ ಬಳ್ಳಿ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹೆಂಗಸರು ತೊಡೆಯ ಮೇಲೆ ಮೊರವನ್ನಿಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಲೆಕ್ಕದ ಬೀಡಿ ಮುಗಿಯುವ ತನಕ ಕೈಗೆ ಬಿಡುವಿಲ್ಲ. ಮೊರವನ್ನು ಬದಿಗಿಟ್ಟು, ಕೈ ತೊಳೆದು, ಒಲೆಯ ಮುಂದೆ ನಿಲ್ಲುವಾಗ ಹೊರಗೆ ಕತ್ತಲೆಯಾಗಿರುತ್ತದೆ. ಪಟ್ಟಣದಲ್ಲಿ ಕಚೇರಿಯಿಂದಲೋ ಶಾಲೆಯಿಂದಲೋ ಹಿಂದಿರುಗುವ ಗೃಹಿಣಿಯ ಪಾಡೂ ಇದೇ. ಅವಳ ಕೈಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ಬೇಡುವ ಅಡಿಗೆಯನ್ನು ಎಷ್ಟೇ ಆರೋಗ್ಯಕರವೆಂದು ನಾವು ಹೊಗಳಿದರೂ, ಅದು ಹೊಗಳಿಕೆಯಲ್ಲಿಯೇ ಉಳಿಯುತ್ತದೆ, ಎಲೆಗೆ ಬರುವುದಿಲ್ಲ. ಆದುದರಿಂದ ಈ ಹೊತ್ತು ನಾನು ಹೇಳಹೊರಟಿರುವುದು ಹಬ್ಬದ ತುಂಬುಗಾಯಿಯ ವಿಷಯವಲ್ಲ. ಬುಧವಾರದ ತುಂಬುಗಾಯಿಯ ವಿಷಯ.

ಮೊದಲು ಕಾಯಿಯ ಪರಿಚಯ. ಮೈಸೂರು ಕಡೆಯವರು ದೊಣ್ಣೆಮೆಣಸಿನಕಾಯಿ ಎಂದೂ ದಪ್ಪಮೆಣಸಿನಕಾಯಿ ಎಂದೂ, ಅಂಗಡಿಯವರು ಕ್ಯಾಪ್ಸಿಕಂ ಎಂದೂ ಕರೆಯುವ ಇದು ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಸ್ವಂತ ದಾಯಾದಿ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು. ಎಲ್ಲ ಮೆಣಸಿನಕಾಯಿಗಳ ತವರೂ ಅಮೆರಿಕ ಖಂಡ. 1492ರಲ್ಲಿ ಕೊಲಂಬಸನು ಹಡಗನ್ನೇರಿದುದು ನಮ್ಮ ಕಾಳುಮೆಣಸಿನಂಥ ಸಂಬಾರಗಳನ್ನು ಹುಡುಕಿಕೊಂಡು. ಅವನಿಗೆ ಸಿಕ್ಕಿದುದು ಬೇರೊಂದು ಖಂಡ, ಬೇರೊಂದು ಖಾರ. ಆ ಖಾರಕ್ಕೆ ಯೂರೋಪಿನವರು ಕಾಳುಮೆಣಸಿನ ಹೆಸರನ್ನೇ ಅಂಟಿಸಿದರು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ತೀರಕ್ಕೆ ತಂದಾಗ ನಾವು ಮಾಡಿದುದೂ ಅದನ್ನೇ: ಮೆಣಸಿನಂತೆ ಖಾರವಾದ ಕಾಯಿ, ಆದುದರಿಂದ ಮೆಣಸಿನಕಾಯಿ. ಆದರೆ ತುಳುನಾಡು ಹಳೆಯ ನಂಟನ್ನು ಮರೆಯಲಿಲ್ಲ. ಇಂದಿಗೂ ಇಲ್ಲಿ ಕಾಳುಮೆಣಸು ಕನ್ನಡದಲ್ಲಿ ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆ ಮುಂಚಿ’. ಹೊಸದಾಗಿ ಬಂದುದು ಬರಿಯ ಮೆಣಸು. ಮೊದಲೇ ಇದ್ದುದು ಒಳ್ಳೆಯ ಮೆಣಸು. ಕಾಳುಮೆಣಸಿನ ವ್ಯಾಪಾರಕ್ಕಾಗಿ ಕರಾವಳಿಯ ಅರಸುಮನೆತನಗಳೊಡನೆ ಕಾದಾಡಿದ ಪೋರ್ಚುಗೀಸರೇ, ಅದರ ಸ್ಥಾನವನ್ನು ನಮ್ಮ ಅಡಿಗೆಮನೆಯಲ್ಲಿ ಕಸಿದುಕೊಳ್ಳಲಿದ್ದ ಕಾಯಿಯನ್ನೂ ತಂದರೆಂಬುದು ಚರಿತ್ರೆಯ ಒಂದು ವಿನೋದ.

ದೊಣ್ಣೆಮೆಣಸಿನಲ್ಲಿ ಖಾರವಿಲ್ಲ. ಮೆಣಸಿನಕಾಯಿಗೆ ಖಾರವನ್ನು ಕೊಡುವ ಕ್ಯಾಪ್ಸೈಸಿನ್ ಎಂಬ ದ್ರವ್ಯ ಹುಟ್ಟುವುದು ಬೀಜವನ್ನು ಹಿಡಿದಿರುವ ಬಿಳಿಯ ತಿರುಳಿನಲ್ಲಿ. ದೊಣ್ಣೆಮೆಣಸಿಗೆ ಅದನ್ನು ಉತ್ಪಾದಿಸುವ ಶಕ್ತಿ ಇಲ್ಲ. ಮಕ್ಕಳೂ ವೃದ್ಧರೂ ಇದನ್ನು ನಿರ್ಭಯವಾಗಿ ತಿನ್ನಬಹುದು. ಇನ್ನೊಂದು ಮಾತು: ಹಸಿರು ಕಾಯಿಯೂ ಕೆಂಪು ಕಾಯಿಯೂ ಬೇರೆ ಬೇರೆ ಜಾತಿಗಳೆಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ, ಹಸಿರು ಕಾಯಿ ಗಿಡದಲ್ಲಿಯೇ ಮಾಗಿದರೆ ಕೆಂಪೋ ಹಳದಿಯೋ ಆಗುತ್ತದೆ. ಮಾಗಿದುದಕ್ಕೆ ಸಿಹಿಯೂ ಸತ್ವವೂ ಹೆಚ್ಚು, ಬೆಲೆಯೂ ಹೆಚ್ಚು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಕರಾವಳಿಯ ಬಯಲಿನಲ್ಲಿ ಈ ಬೆಳೆ ಮಳೆಗಾಲವನ್ನು ತಾಳುವುದು ಕಷ್ಟ. ನಮ್ಮ ಅಂಗಡಿಗಳಿಗೆ ಬರುವುದು ಬಹುಮಟ್ಟಿಗೆ ಘಟ್ಟದ ಮೇಲಿನಿಂದಲೇ.

ಹಾಗಾದರೆ ಇದನ್ನೇ ಏಕೆ ತುಂಬಬೇಕು? ಆಕಾರ ಅನುಕೂಲವಾಗಿದೆಯೆಂಬುದು ಒಂದು ಉತ್ತರ. ಮೆಕ್ಸಿಕೋದವರು ತುಂಬುತ್ತಾರೆ, ಹಂಗೇರಿಯವರು ತುಂಬುತ್ತಾರೆ. ತುರ್ಕರ ‘ದೊಲ್ಮಾ’ ಎಂಬ ಮಾತಿಗೆ ತುಂಬಿದ್ದು ಎಂದೇ ಅರ್ಥ, ನಮ್ಮ ತುಂಬುಗಾಯಿಯಂತೆ. ಆದರೆ ಇದಕ್ಕಿಂತ ದೊಡ್ಡ ಕಾರಣವೊಂದಿದೆ. 1930ರ ದಶಕದ ಆದಿಯಲ್ಲಿ ಹಂಗೇರಿಯ ಸೆಗೆದ್ ಪಟ್ಟಣದಲ್ಲಿದ್ದ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿ, ತನ್ನ ಪ್ರಯೋಗಗಳಿಗೆ ಬೇಕಾದಷ್ಟು ಸಿ ಜೀವಸತ್ವವನ್ನು ಆ ನಾಡಿನ ಪಾಪ್ರಿಕಾ ಮೆಣಸಿನಕಾಯಿಯಿಂದಲೇ ಹೇರಳವಾಗಿ ಸಂಗ್ರಹಿಸಿದನು. 1937ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. 100 ಗ್ರಾಂ ಕಿತ್ತಳೆಯಲ್ಲಿ ಈ ಸತ್ವ ಸುಮಾರು 50 ಮಿಲಿಗ್ರಾಂ. ಅಷ್ಟೇ ತೂಕದ ಹಸಿರು ದೊಣ್ಣೆಮೆಣಸಿನಲ್ಲಿ ಸುಮಾರು 80.

ಈಗ ಇದಕ್ಕೂ ನಮ್ಮ ಮನೆಗಳಿಗೂ ಇರುವ ಸಂಬಂಧವನ್ನು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇದಕ್ಕೆ ಕಬ್ಬಿಣದ ಕೊರತೆ ಒಂದು ಮುಖ್ಯ ಕಾರಣ. ನಾವು ಕಾಳು ತಿನ್ನುವುದಿಲ್ಲವೆ, ಸೊಪ್ಪು ತಿನ್ನುವುದಿಲ್ಲವೆ? ತಿನ್ನುತ್ತೇವೆ. ಆದರೆ ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹ ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ, ಅದೇ ಹೊತ್ತಿನಲ್ಲಿ, ಸಿ ಜೀವಸತ್ವವೂ ಹೊಟ್ಟೆಗೆ ಹೋದರೆ ಹೀರಿಕೆ ಹೆಚ್ಚುತ್ತದೆ. ಬೆಳಗ್ಗೆ ಕಿತ್ತಳೆ, ರಾತ್ರಿ ಹೆಸರುಕಾಳು ಎಂದರೆ ಈ ಲಾಭವಿಲ್ಲ. ಎರಡೂ ಒಂದೇ ಎಲೆಯಲ್ಲಿ ಕೂಡಬೇಕು. ದೊಣ್ಣೆಮೆಣಸಿನೊಳಗೆ ಕಾಳನ್ನೂ ಸೊಪ್ಪನ್ನೂ ತುಂಬಿದರೆ ಒಂದೇ ತುತ್ತಿನಲ್ಲಿ ಕೂಡುತ್ತವೆ. ಆಲೂಗೆಡ್ಡೆಯ ಪಲ್ಯವನ್ನು ತುಂಬಿ ಎಣ್ಣೆಯಲ್ಲಿ ತೇಲಿಸುವ ಪದ್ಧತಿ ರುಚಿಯಾದುದೇ. ಆದರೆ ಆಗ ಕಾಯಿ ಬರಿಯ ಪಾತ್ರೆಯಾಯಿತು, ಒಳಗಿನದು ಬರಿಯ ಪಿಷ್ಟವಾಯಿತು. ಅನ್ನದ ಪಕ್ಕದಲ್ಲಿ ಮತ್ತೆ ಪಿಷ್ಟವೇ ಏಕೆ? 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನವೊಂದು ಈ ದೇಶದ ವಯಸ್ಕರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು ಕಂಡಿದೆ.

ಇನ್ನು ಮಾಡುವ ಕ್ರಮ. ನಾಲ್ಕು ಜನರ ಮನೆಗೆ ಆರು ನಡುಗಾತ್ರದ ಕಾಯಿಗಳು ಸಾಕು. ಬೆಳಗ್ಗೆ ಹೊರಡುವ ಮುನ್ನ ಒಂದು ಲೋಟ ಹೆಸರುಕಾಳನ್ನು, ಎಂದರೆ ಸುಮಾರು 150 ಗ್ರಾಂ, ನೀರಿನಲ್ಲಿ ನೆನೆಹಾಕಬೇಕು. ಸಂಜೆಯ ಅರ್ಧ ಕೆಲಸ ಆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಹೆಸರುಕಾಳಿನ ತೂಕದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಪ್ರೋಟೀನೇ ಇದೆ.

ಸಂಜೆ ಕಾಳನ್ನು ತೊಳೆದು, ಮುಳುಗುವಷ್ಟೇ ನೀರು ಹಾಕಿ, ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿರಿ. ಕಾಳು ಬೆಂದಿರಬೇಕು, ಆದರೆ ಕರಗಿರಬಾರದು. ಅದು ಬೇಯುವಷ್ಟರಲ್ಲಿ ಮಸಾಲೆ: ಮೂರು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಎರಡು ಚಮಚ ಎಳ್ಳು, ಇವನ್ನು ಎಣ್ಣೆಯಿಲ್ಲದೆ ಬೆಚ್ಚಗೆ ಹುರಿದು, ಒಂದು ಹಿಡಿ ತೆಂಗಿನ ತುರಿ, ನೆಲ್ಲಿಕಾಯಿಯ ಅರ್ಧದಷ್ಟು ಹುಣಿಸೆಹಣ್ಣು, ಚಿಟಿಕೆ ಬೆಲ್ಲ ಸೇರಿಸಿ ತರಿತರಿಯಾಗಿ ಅರೆಯಬೇಕು. ನೀರು ತಗುಲಿಸಬಾರದು. ಎಳ್ಳು, ಹುಣಿಸೆ, ಬೆಲ್ಲಗಳ ಈ ಮೇಳ ನಮ್ಮ ಕರಾವಳಿಯ ಮೆಣಸ್ಕಾಯಿಯನ್ನು ಉಂಡವರಿಗೆ ಹೊಸದಲ್ಲ.

ಬಾಣಲೆಯಲ್ಲಿ ಒಂದು ಚಮಚ ತೆಂಗಿನೆಣ್ಣೆ, ಸಾಸಿವೆ, ಕರಿಬೇವು, ಹೆಚ್ಚಿದ ಒಂದು ಈರುಳ್ಳಿ. ಅದು ಬಾಡಿದ ಮೇಲೆ ಎರಡು ಹಿಡಿ ನುಗ್ಗೆಸೊಪ್ಪು. ಅದೂ ಬಾಡಿದ ಮೇಲೆ ಬಸಿದ ಕಾಳು, ಮಸಾಲೆ, ಉಪ್ಪು. ಕಾಳು ಬಸಿದ ನೀರನ್ನು ಚೆಲ್ಲಬೇಡಿರಿ; ಅದಕ್ಕೆ ಮುಂದೆ ಕೆಲಸವಿದೆ. ಮಧ್ಯಾಹ್ನದ ಕುಚ್ಚಲಕ್ಕಿಯ ಅನ್ನ ಉಳಿದಿದ್ದರೆ ಒಂದು ಹಿಡಿಯನ್ನು ಹಿಸುಕಿ ಸೇರಿಸಿರಿ. ಹೂರಣ ಉದುರದೆ ಹಿಡಿದುಕೊಳ್ಳುತ್ತದೆ. ಭತ್ತವನ್ನು ಸಿಪ್ಪೆಸಹಿತ ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ತವುಡಿನಲ್ಲಿರುವ ಬಿ ಜೀವಸತ್ವದ ಒಂದು ಭಾಗ ಕಾಳಿನೊಳಕ್ಕೆ ಇಳಿಯುತ್ತದೆ. ಬೆಳ್ತಿಗೆಯ ಮುಂದೆ ಕುಚ್ಚಲಕ್ಕಿ ಕೀಳೆಂದು ತಿಳಿಯುವ ಪಟ್ಟಣಿಗರು ಇದನ್ನು ನೆನಪಿಡಬೇಕು.

ಈಗ ಕಾಯಿ. ತೊಟ್ಟನ್ನು ಕೊರೆದು ಬಾಯಿಯಿಂದ ತುಂಬುವುದು ವಾಡಿಕೆ. ಹಬ್ಬಕ್ಕೆ ಅದು ಸರಿ. ವಾರದ ದಿನ ಕಾಯಿಯನ್ನು ತೊಟ್ಟಿನ ಸಮೇತ ಉದ್ದಕ್ಕೆ ಎರಡು ಹೋಳು ಮಾಡಿರಿ. ಬೀಜವೂ ಬಿಳಿಯ ತಿರುಳೂ ಬೆರಳಿನಿಂದಲೇ ಬರುತ್ತವೆ. ಹೂರಣ ದೋಣಿಯಲ್ಲಿ ಕುಳಿತಂತೆ ಕುಳಿತುಕೊಳ್ಳುತ್ತದೆ. ದಾರ ಕಟ್ಟುವ, ಮಗುಚುವ ಗೋಜಿಲ್ಲ. ಅಗಲವಾದ ಕಾವಲಿಗೆ ಎರಡು ಚಮಚ ಎಣ್ಣೆ ಸವರಿ, ಹನ್ನೆರಡು ಹೋಳುಗಳನ್ನೂ ಹೂರಣ ಮೇಲಾಗಿ ಜೋಡಿಸಿ, ಕಾಳು ಬಸಿದ ನೀರನ್ನು ನಾಲ್ಕೈದು ಚಮಚದಷ್ಟು ಸುತ್ತ ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿರಿ. ಹೂರಣ ಮೊದಲೇ ಬೆಂದಿರುವುದರಿಂದ ಬಾಡಬೇಕಾದುದು ಕಾಯಿಯ ಗೋಡೆಯಷ್ಟೆ. ಕೊನೆಯ ಎರಡು ನಿಮಿಷ ಮುಚ್ಚಳ ತೆಗೆದರೆ ತಳ ಸ್ವಲ್ಪ ಕಂದಿ ಸುಟ್ಟ ಪರಿಮಳ ಬರುತ್ತದೆ. ಇನ್ನೂ ಬೇಯಿಸಬಾರದು. ಸಿ ಜೀವಸತ್ವ ಕಾವಿಗೆ ಕೆಡುವಂಥದು, ನೀರಿನಲ್ಲಿ ಕರಗಿಹೋಗುವಂಥದು. ನೀರು ಕಡಮೆ, ಹೊತ್ತು ಕಡಮೆ, ಮುಚ್ಚಳ ಭದ್ರ; ಈ ಮೂರನ್ನು ಪಾಲಿಸಿದರೆ ಅದರಲ್ಲಿ ಗಣ್ಯವಾದ ಭಾಗ ಉಳಿಯುತ್ತದೆ. ಒಲೆಯಿಂದ ಇಳಿಸಿದ ಮೇಲೆ ಲಿಂಬೆಯ ನಾಲ್ಕು ಹನಿ ಹಿಂಡಿದರೆ ಕಳೆದುದರಲ್ಲಿ ಸ್ವಲ್ಪ ತುಂಬಿಬರುತ್ತದೆ.

ಪಕ್ಕಕ್ಕೆ ಸಾರು ಬೇಡ, ಹುಳಿ ಬೇಡ. ಇನ್ನೊಂದು ಒಲೆಯಲ್ಲಿ ಕುಚ್ಚಲಕ್ಕಿಯ ಗಂಜಿಯಿರಲಿ; ಉಳಿದ ಕಾಳಿನ ನೀರು ಅದಕ್ಕೇ ಹೋಗಲಿ. ಗಂಜಿಗೆ ಉಪ್ಪಿನಕಾಯಿಯೊಂದೇ ಜೊತೆಯೆಂದು ತಿಳಿದಿದ್ದ ಮಕ್ಕಳು ಅದರ ಪಕ್ಕದಲ್ಲಿ ಈ ಹಸಿರು ದೋಣಿಗಳನ್ನು ಕಂಡರೆ ತಕರಾರು ಮಾಡುವುದು ಕಡಮೆ. ಊಟವಾದೊಡನೆ ಚಹ ಕುಡಿಯುವ ಅಭ್ಯಾಸವಿದ್ದವರು ಒಂದು ಗಂಟೆ ತಡೆಯುವುದು ಒಳ್ಳೆಯದು. ಚಹದ ಒಗರು ಕಬ್ಬಿಣದ ಹೀರಿಕೆಗೆ ಅಡ್ಡಿ.

ಈ ಸೀಮೆಯಲ್ಲಿ ಹಲವು ಮನೆ, ಹಲವು ಮಡಿ. ಮೂಡಬಿದಿರೆ ವೇಣೂರುಗಳ ಜೈನ ಗೃಹಸ್ಥರಲ್ಲಿ ಆಚಾರವಂತರು ಈರುಳ್ಳಿ, ಆಲೂಗೆಡ್ಡೆಗಳನ್ನು ಮುಟ್ಟುವುದಿಲ್ಲ. ಹೊತ್ತು ಮುಳುಗುವುದಕ್ಕೆ ಮೊದಲೇ ಊಟ ಮುಗಿಸುತ್ತಾರೆ. ಈರುಳ್ಳಿಯ ಬದಲು ತುರಿದ ಎಳೆಯ ಸೌತೆಯನ್ನು ಹಿಂಡಿ ಹಾಕಿದರೆ ಈ ಹೂರಣ ಅವರಿಗೂ ಸಲ್ಲುತ್ತದೆ. ಬೇಗನೆ ಉಣ್ಣುವ ಅವರ ಪದ್ಧತಿಯನ್ನು ಉಳಿದವರು ಅನುಸರಿಸಿದರೆ ನಷ್ಟವೇನೂ ಇಲ್ಲ. ಮೀನು ತಿನ್ನುವ ಮನೆಗಳಲ್ಲಿ ಹುರಿದು ಪುಡಿಮಾಡಿದ ಒಂದು ಹಿಡಿ ಒಣಸಿಗಡಿ ಹೂರಣಕ್ಕೆ ಸೇರಿದರೆ ರುಚಿ ಇಮ್ಮಡಿಸುತ್ತದೆ. ಆಗ ಉಪ್ಪನ್ನು ಕಡಮೆ ಮಾಡತಕ್ಕದ್ದು. ಮಳೆಗಾಲದಲ್ಲಿ ಹೆಸರುಕಾಳಿನ ಅರ್ಧಕ್ಕೆ ಬೇಯಿಸಿ ಹಿಸುಕಿದ ಹಲಸಿನ ಬೀಜವಾಗಬಹುದು.

ಲೆಕ್ಕ ಹಾಕಿದರೆ ಎಲ್ಲ ಸೇರಿ ಮುಕ್ಕಾಲು ಗಂಟೆ. ಆದರೆ ಈ ಮುಕ್ಕಾಲು ಗಂಟೆ ಯಾರದು ಎಂಬ ಪ್ರಶ್ನೆ ಉಳಿಯಿತು. ಆರೋಗ್ಯಕರವಾದ ಊಟವನ್ನು ಕುರಿತು ನಾವು ಗಂಡಸರು ಆಡುವ ಉಪದೇಶದ ಮಾತುಗಳಲ್ಲಿ ಹೆಚ್ಚಿನವು, ಕೊನೆಗೆ, ಇನ್ನೊಬ್ಬರ ಕೈಗೆ ಹೊರಿಸಿದ ಕೆಲಸವಾಗಿ ಪರಿಣಮಿಸುತ್ತವೆ. ರಕ್ತಹೀನತೆಯಿಂದ ಬಳಲುವವಳೇ ಅದನ್ನು ಕಳೆಯುವ ಅಡಿಗೆಗಾಗಿ ಇನ್ನಷ್ಟು ದಣಿಯಬೇಕೆಂದರೆ, ಎಲ್ಲರಿಗೂ ಬಡಿಸಿ ಉಳಿದ ಒಂದು ಹೋಳಿನಲ್ಲಿ ತೃಪ್ತಳಾಗಬೇಕೆಂದರೆ, ಆ ಆರೋಗ್ಯಶಾಸ್ತ್ರಕ್ಕೆ ಏನೂ ಬೆಲೆಯಿಲ್ಲ. ಈ ತುಂಬುಗಾಯಿಯಲ್ಲಿ ಒಂದು ಅನುಕೂಲವಿದೆ: ಇದರ ಕೆಲಸವನ್ನು ಹಂಚಬಹುದು. ಬೆಳಗ್ಗೆ ಕಾಳು ನೆನೆಹಾಕುವುದಕ್ಕೆ ಯಾವ ವಿದ್ಯೆಯೂ ಬೇಡ. ಕಾಯಿ ಸೀಳಿ ಬೀಜ ತೆಗೆಯುವುದಕ್ಕೆ ಮನೆಯ ಯಜಮಾನನಿಗೆ ಐದು ನಿಮಿಷ ಸಾಕು. ನುಗ್ಗೆಸೊಪ್ಪನ್ನು ಕಡ್ಡಿಯಿಂದ ಬಿಡಿಸುವುದನ್ನೂ ಹೂರಣ ತುಂಬುವುದನ್ನೂ ಮಕ್ಕಳು ಆಟದಂತೆ ಮಾಡುತ್ತಾರೆ; ತಾವು ತುಂಬಿದ ಹೋಳನ್ನು ಗುರುತಿಟ್ಟುಕೊಂಡು ತಿನ್ನುತ್ತಾರೆ. ಒಲೆಯ ಮುಂದಿನ ಹತ್ತು ನಿಮಿಷವಷ್ಟೇ ಅಡಿಗೆ ಬಲ್ಲವರದು.

ಹನ್ನೆರಡು ಹೋಳುಗಳು, ನಾಲ್ಕು ಜನ. ತಲೆಗೆ ಮೂರು. ಈ ಭಾಗಾಕಾರವನ್ನು ಬಡಿಸುವುದಕ್ಕೆ ಮೊದಲೇ ಮಾಡಿ, ಅಡಿಗೆ ಮಾಡಿದವಳ ತಟ್ಟೆಗೆ ಅವಳ ಮೂರನ್ನು ಮೊದಲು ಹಾಕಬೇಕೆಂದು ಮಾತ್ರ ನನ್ನ ವಿಜ್ಞಾಪನೆ.