ಯಂತ್ರದ ಮನೆ ಬದಲಿಸುವಾಗ

ಮನೆ ಬದಲಿಸುವುದು ನಮ್ಮ ಜನಕ್ಕೆ ಹೊಸದಲ್ಲ. ಹಳ್ಳಿಯಿಂದ ಪಟ್ಟಣಕ್ಕೆ, ಬಾಡಿಗೆಯ ಮನೆಯಿಂದ ಸ್ವಂತ ಮನೆಗೆ ಬರುವ ದಿನ ಮನೆಯ ಹಿರಿಯರು ಮೊದಲು ಎತ್ತಿಡುವುದು ಎರಡು ವಸ್ತುಗಳನ್ನು: ದೇವರ ಜಗುಲಿಯ ಸಾಮಾನು ಮತ್ತು ಕಾಗದಪತ್ರಗಳ ಪೆಟ್ಟಿಗೆ. ಉಳಿದದ್ದು ಒಡೆದರೂ ಮತ್ತೆ ಕೊಳ್ಳಬಹುದು. ಇವೆರಡು ಹೋದರೆ ಮರಳಿ ಬರಲಾರವು ಎಂಬ ಅರಿವು ಅದರ ಹಿಂದಿದೆ. ಇಂದು ನಾನು ಹೇಳಹೊರಟಿರುವುದು ಕಣ್ಣಿಗೆ ಕಾಣದ ಒಂದು ಮನೆಯ ಬದಲಾವಣೆಯನ್ನು ಕುರಿತು. ಕಂಪ್ಯೂಟರಿನ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಬಿಟ್ಟು ಇನ್ನೊಂದನ್ನು ಸೇರುವಾಗ ನಮ್ಮ ಕಾಗದಪತ್ರಗಳ ಪೆಟ್ಟಿಗೆಯ ಗತಿ ಏನಾಗುತ್ತದೆ ಎಂಬುದೇ ಈ ಮಾತಿನ ವಿಷಯ.

ಕಾರ್ಯಾಚರಣ ವ್ಯವಸ್ಥೆ ಎಂದರೇನು? ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ನೆಲದಡಿಯ ಜಲಮಾರ್ಗವೊಂದಿದೆ. ಪರ್ಷಿಯಾದ ಪದ್ಧತಿಯಂತೆ ತೋಡಿದ ಇದನ್ನು ಕರೇಜ್ ಎಂದೂ ಸುರಂಗ ಬಾವಿ ಎಂದೂ ಕರೆಯುತ್ತಾರೆ. ಮೇಲೆ ನಡೆಯುವವನಿಗೆ ಅಲ್ಲಲ್ಲಿ ಬಾವಿಯಂಥ ಬಾಯಿಗಳಷ್ಟೇ ಕಾಣುತ್ತವೆ. ಆ ಬಾಯಿಗಳನ್ನೆಲ್ಲ ಒಳಗೊಳಗೇ ಕೂಡಿಸಿ ನೀರನ್ನು ಇಳಿಜಾರಿನಲ್ಲಿ ಸಾಗಿಸುವ ಸುರಂಗವು ಯಾರ ಕಣ್ಣಿಗೂ ಬೀಳದು. ಕಂಪ್ಯೂಟರಿನಲ್ಲಿ ನಾವು ಪತ್ರ ಬರೆಯುತ್ತೇವೆ, ಲೆಕ್ಕ ಮಾಡುತ್ತೇವೆ, ಚಿತ್ರ ನೋಡುತ್ತೇವೆ. ಇವೆಲ್ಲ ಮೇಲಿನ ಬಾಯಿಗಳು. ಕೀಲಿಮಣೆ, ಪರದೆ, ಸಂಗ್ರಹದ ತಟ್ಟೆ, ಮುದ್ರಣಯಂತ್ರ ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿ ಕೆಲಸ ನಡೆಸುವ ಕೆಳಗಿನ ಸುರಂಗವೇ ಕಾರ್ಯಾಚರಣ ವ್ಯವಸ್ಥೆ. ಅದನ್ನು ಬದಲಿಸುವುದೆಂದರೆ ಊರಿನ ಕೊಡಗಳನ್ನಲ್ಲ, ನೀರು ಹರಿಯುವ ದಾರಿಯನ್ನೇ ಬದಲಿಸಿದಂತೆ.

ಈ ಬದಲಾವಣೆಯ ಪ್ರಶ್ನೆ ನಮ್ಮಂಥವರ ಮನೆಬಾಗಿಲಿಗೂ ಬಂದದ್ದು ಇತ್ತೀಚೆಗೆ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆ 2001ರಲ್ಲಿ ಬಂದು, 2014ರ ಏಪ್ರಿಲ್ 8ರಂದು ತನ್ನ ಬೆಂಬಲವನ್ನು ಕಳೆದುಕೊಂಡಿತು. ಅದರ ವಂಶದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಅದೇ ಗತಿ ಬಂದಿತು. ಅದರ ಮುಂದಿನದಾದ ವಿಂಡೋಸ್ 11ಕ್ಕೆ ಹೊಸ ಬಗೆಯ ಯಂತ್ರವೇ ಬೇಕು. ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಹಳೆಯ ಯಂತ್ರಗಳು ಅದರ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಿರಲಾಗಿ, ಯಂತ್ರವನ್ನು ಎಸೆಯಲೊಲ್ಲದವರು ಇನ್ನೊಂದು ದಾರಿಯತ್ತ ನೋಡಿದರು. ಅದು ಗ್ನೂ/ಲಿನಕ್ಸ್. ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕದವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯೂ, ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ ತಿರುಳೂ ಕೂಡಿ ಬೆಳೆದ ವ್ಯವಸ್ಥೆ ಅದು. ಯಾರು ಬೇಕಾದರೂ ಅದನ್ನು ಪಡೆಯಬಹುದು, ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು, ಪರರಿಗೆ ಕೊಡಬಹುದು. ನಾನೂ ಆ ದಾರಿಯನ್ನೇ ಹಿಡಿದೆ.

ಮೈಲೂರಿನ ನಮ್ಮ ಓಣಿಯ ಹುಡುಗನೊಬ್ಬ ಒಂದು ಸಂಜೆ ಕುಳಿತು ನನ್ನ ಹಳೆಯ ಯಂತ್ರದಲ್ಲಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿಕೊಟ್ಟ. ಎರಡು ತಾಸಿನ ಕೆಲಸ. ಯಂತ್ರ ಮೊದಲಿಗಿಂತ ಚುರುಕಾಯಿತು, ನನಗೂ ಹಿಗ್ಗಾಯಿತು. ಆಮೇಲೆ ನನ್ನ ಹಳೆಯ ಬರಹಗಳ ಕಡತವನ್ನು ತೆರೆದೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಮುದುಕಿಯರು ಹೇಳಿದ ಬೀಸುವ ಪದ, ಕುಟ್ಟುವ ಪದಗಳನ್ನು ನಾನು 2003ರ ಸುಮಾರಿಗೆ ಕಂಪ್ಯೂಟರಿನಲ್ಲಿ ಬೆರಳಚ್ಚಿಸಿ ಇಟ್ಟಿದ್ದೆ. ಕನ್ನಡದ ನಡುವೆ ಮರಾಠಿ, ಉರ್ದು ಮಾತುಗಳು ಸಹಜವಾಗಿ ಬೆರೆತು ಬರುವ ಗಡಿನಾಡಿನ ಹಾಡುಗಳು ಅವು. ಹೇಳಿದವರಲ್ಲಿ ಬಹಳ ಮಂದಿ ಈಗಿಲ್ಲ. ಕಡತವೇನೋ ತೆರೆಯಿತು, ಆದರೆ ಹಾಡಿರಲಿಲ್ಲ. ಪುಟದ ತುಂಬ ರೋಮನ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ವಿದೇಶಿ ಸ್ವರಗಳು, ನಾಣ್ಯದ ಚಿಹ್ನೆಗಳು ಸಂತೆಯಂತೆ ನೆರೆದಿದ್ದವು. ನನ್ನ ಮುಖ ಬಾಡಿದ್ದನ್ನು ಕಂಡು ಹುಡುಗ, "ಕಾಕಾ, ನೀವು ಬರ್ದಿದ್ದು ಎಲ್ಲೀ ಹೋಗಿಲ್ರಿ. ಅದು ಕನ್ನಡ ಅಂತ ಈ ಯಂತ್ರಕ್ಕ ಗೊತ್ತೇ ಇಲ್ಲ, ಅಷ್ಟೇ" ಎಂದ. ಆ ಮಾತು ನನಗೆ ಅರ್ಥವಾಗಲು ಕೆಲವು ದಿನ ಬೇಕಾಯಿತು.

ಸಂಗತಿ ಇಷ್ಟು. ಕಂಪ್ಯೂಟರು ಅಕ್ಷರವನ್ನು ಅರಿಯದು, ಅಂಕಿಯನ್ನಷ್ಟೇ ಅರಿಯುವುದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಬೇಕು. ಹಿಂದಿನ ದಿನಗಳಲ್ಲಿ ಸಾಮಾನ್ಯ ಯಂತ್ರಗಳಲ್ಲಿ ಇದ್ದ ಸ್ಥಾನಗಳು 256 ಮಾತ್ರ; ಅವೆಲ್ಲ ರೋಮನ್ ಲಿಪಿಯ ಸಂಸಾರಕ್ಕೇ ಮುಗಿದಿದ್ದವು. ಕನ್ನಡದ ಹಿತೈಷಿಗಳು ಆಗ ಒಂದು ಉಪಾಯ ಹೂಡಿದರು. ರೋಮನ್ ಅಕ್ಷರದ ಸ್ಥಾನದಲ್ಲಿ ಕನ್ನಡ ಅಕ್ಷರದ ತುಂಡನ್ನು ಕೂರಿಸಿ ಫಾಂಟುಗಳನ್ನು ರಚಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಸಾವಿರಾರು ಕನ್ನಡಿಗರ ಬೆರಳುಗಳಿಗೆ ಒಗ್ಗಿತು. ಈ ಮಹನೀಯರ ಉಪಕಾರವನ್ನು ಮರೆಯಲಾಗದು. ಅಂದು ಅವರು ಕಾದು ಕುಳಿತಿದ್ದರೆ ಒಂದು ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡವನ್ನೇ ಕಾಣುತ್ತಿರಲಿಲ್ಲ. ಆದರೆ ಉಪಾಯಕ್ಕೆ ಉಪಾಯದ ಮಿತಿಯೂ ಇತ್ತು. 'ಕನ್ನಡ' ಎಂಬ ನಮ್ಮ ಹೆಸರನ್ನೇ ತೆಗೆದುಕೊಳ್ಳಿ. 'ನುಡಿ'ಯ ಹಳೆಯ ಬಗೆಯ ಕಡತದಲ್ಲಿ ಅದರ ಕಕಾರವು ಯಂತ್ರದ ಪಾಲಿಗೆ ರೋಮನ್ 'ಪಿ', ನಕಾರವು ಇಂಗ್ಲೆಂಡಿನ ಪೌಂಡಿನ ಗುರುತು, ಡಕಾರವು 'ಕ್ಯೂ'. ಫಾಂಟು ಜೊತೆಗಿರುವ ತನಕ ಕನ್ನಡ ಕಾಣುತ್ತದೆ. ಫಾಂಟು ಕಳಚಿದೊಡನೆ ಪೌಂಡೇ ಉಳಿಯುತ್ತದೆ. ಹಳೆಯ ಫಾಂಟನ್ನು ಹೊಸ ವ್ಯವಸ್ಥೆಗೆ ಹೊತ್ತು ತಂದರೆ ಕಣ್ಣಿಗೆ ಕನ್ನಡ ಕಂಡೀತು. ಹುಡುಕಲು ಹೋದರೆ, ಅಕಾರಾದಿಯಾಗಿ ಜೋಡಿಸಲು ಹೋದರೆ, ಅದು ಮುಖವಾಡವೆಂದು ತಿಳಿದುಬಿಡುತ್ತದೆ.

ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿ ಈ ಕೊರತೆಯನ್ನು ನೀಗಿತು. ಲಿನಕ್ಸ್ ಹುಟ್ಟಿದ 1991ರಲ್ಲೇ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿ ದೊರೆತಿತ್ತು. ಅಲ್ಲಿ ಕಕಾರವು ಎಲ್ಲ ಯಂತ್ರಗಳಲ್ಲಿಯೂ, ಎಲ್ಲ ವ್ಯವಸ್ಥೆಗಳಲ್ಲಿಯೂ ಕಕಾರವೇ. ಆದರೆ ಕೇರಿ ಸಿದ್ಧವಾದರೂ ನಾವು ಹೋಗಿ ನೆಲಸಲು ಬಹಳ ವರ್ಷ ಹಿಡಿಯಿತು. ಆ ನಡುವಿನ ಕಾಲದಲ್ಲಿ ಬರೆದ ಪುಸ್ತಕಗಳು, ಪತ್ರಿಕೆಯ ಪುಟಗಳು, ಕಚೇರಿಯ ಕಡತಗಳು, ನನ್ನಂಥವರ ಹಾಡಿನ ಸಂಗ್ರಹಗಳು ಹಳೆಯ ಫಾಂಟುಗಳಲ್ಲೇ ಉಳಿದವು.

ಇದನ್ನು ಯೋಚಿಸುತ್ತಿದ್ದಾಗ ನನಗೆ ನಮ್ಮ ಜಿಲ್ಲೆಯ ಇತಿಹಾಸವೇ ಕಣ್ಣೆದುರು ನಿಂತಿತು. ವ್ಯವಸ್ಥೆ ಬದಲಾದಾಗ ಅಕ್ಷರಕ್ಕೆ ಏನಾಗುತ್ತದೆಂಬುದನ್ನು ಬೀದರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಹಮನಿಗಳ ದರ್ಬಾರಿನ ಭಾಷೆ ಪಾರಸಿ. ನಿಜಾಮರ ಸಂಸ್ಥಾನದಲ್ಲಿಯೂ ಮೊದಲು ಪಾರಸಿಯೇ ನಡೆದು, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಉರ್ದು ಅದರ ಸ್ಥಾನಕ್ಕೆ ಬಂದಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದ ಒಕ್ಕೂಟವನ್ನು ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತದ ಭಾಷೆ ಮುಂದೆ ಕನ್ನಡವಾಯಿತು. ಅದು ಆಗಬೇಕಾದದ್ದೇ, ಅದಕ್ಕಾಗಿ ಹಿರಿಯರು ಹೋರಾಡಿದ್ದರು. ಆದರೆ ಹೊಲದ ಹಳೆಯ ಕಾಗದ ಉರ್ದುವಿನ ವೇಗದ ಬರಹದಲ್ಲಿತ್ತು. ತಕರಾರು ಬಂದಾಗ ರೈತನು ಆ ಕಾಗದವನ್ನು ಹಿಡಿದು ಓದಿ ಹೇಳುವವರ ಮನೆ ಹುಡುಕಬೇಕಾಯಿತು. ಕಾಗದ ಸುಟ್ಟಿರಲಿಲ್ಲ, ಹರಿದಿರಲಿಲ್ಲ. ಓದುವವರು ಮಾತ್ರ ವರ್ಷ ವರ್ಷಕ್ಕೆ ಕಡಿಮೆಯಾದರು. ನಮ್ಮ ಮಾತಿನಲ್ಲಿ ಉರ್ದು ಉಳಿದರೂ ಆ ಬರಹವನ್ನು ಬಿಡಿಸುವ ಕಣ್ಣು ಉಳಿಯಲಿಲ್ಲ. 2000ದ ಆಚೀಚೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದಾಗ ಇನ್ನೊಂದು ಸ್ಥಳಾಂತರವೇ ನಡೆಯಿತು. ಕೈಬರಹದ ಪಹಣಿಯ ಕಾಲ ಮುಗಿಯಿತು.

ಇದಕ್ಕೆ ಎದುರಾದ ನಿದರ್ಶನವೂ ನಮ್ಮಲ್ಲಿಯೇ ಇದೆ. ಬಸವಕಲ್ಯಾಣದ ಶರಣರ ವಚನಗಳು ಎಷ್ಟು ಮನೆ ಬದಲಿಸಲಿಲ್ಲ! ಬಾಯಿಂದ ತಾಳೆಗರಿಗೆ, ಗರಿಯಿಂದ ಗರಿಗೆ, ಅಲ್ಲಿಂದ ಕಾಗದಕ್ಕೆ. ಫ.ಗು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಮನೆಮನೆಯಿಂದ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚಿಗೆ ತಂದರು. ನಮ್ಮ ಕಾಲದಲ್ಲಿ ಸಾವಿರಾರು ವಚನಗಳು ಯೂನಿಕೋಡಿಗೆ ಬಂದು 'ವಚನ ಸಂಚಯ'ವಾಗಿ, ಒಂದು ಪದವನ್ನು ಕೊಟ್ಟರೆ ಅದು ಬರುವ ವಚನಗಳೆಲ್ಲ ಎದುರಿಗೆ ನಿಲ್ಲುವಂತಾಗಿದೆ. ವಚನ ಉಳಿದದ್ದು ಗರಿ ಗಟ್ಟಿಯಾಗಿತ್ತೆಂದಲ್ಲ. ಗರಿ ಮುರಿಯುವ ಮೊದಲೇ ಯಾರೋ ಒಬ್ಬರು ಪ್ರತಿ ಮಾಡಿದರೆಂದು.

ನಾನು ಆ ಕೆಲಸವನ್ನು ಸಕಾಲದಲ್ಲಿ ಮಾಡಲಿಲ್ಲ. ತಪ್ಪು ಯಂತ್ರದ್ದಲ್ಲ, ವ್ಯವಸ್ಥೆಯದಲ್ಲ, ನನ್ನದು. ಹುಡುಗನು ತಂದ ಪರಿವರ್ತಕ ತಂತ್ರಾಂಶದಿಂದ ಹಾಡುಗಳಲ್ಲಿ ಬಹುಪಾಲು ಮರಳಿ ಕನ್ನಡವಾದವು. ಅರ್ಕಾವತ್ತುಗಳು ಕೆಲವೆಡೆ ಸ್ಥಳ ತಪ್ಪಿದ್ದವು; ನಡುನಡುವೆ ಇಂಗ್ಲಿಷಿನಲ್ಲಿ ಬರೆದ ಟಿಪ್ಪಣಿಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬಿದ್ದವು. ಕುಳಿತು ತಿದ್ದಿದೆ. ಆದರೆ ಒಂದು ಕಡತ ಮಾತ್ರ ಬಗ್ಗಲಿಲ್ಲ. ಅದನ್ನು ಬರೆದ ಫಾಂಟಿಗೆ ಪರಿವರ್ತನೆಯ ಕೋಷ್ಟಕವೇ ಸಿಗಲಿಲ್ಲ. ಟ್ರಂಕಿನಲ್ಲಿ ಅದರ ಅಚ್ಚು ಪ್ರತಿ ಇದ್ದುದು ನೆನಪಾಗಿ ತೆಗೆದರೆ, ಎರಡು ಹಾಳೆಗಳನ್ನು ಗೆದ್ದಲು ತಿಂದಿತ್ತು. ಆ ಹಾಳೆಗಳಲ್ಲಿದ್ದುದು ಔರಾದ ಕಡೆಯ ಒಬ್ಬ ಮುದುಕಿ ಹೇಳಿದ, ತವರಿಗೆ ಹೋಗಲಾರದ ಮಗಳ ಬೀಸುವ ಪದ. ಆ ಊರಿಗೆ ಹೋದೆ. ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಸೆ ನೆನಪು ಮಾಡಿಕೊಂಡು ಅರ್ಧ ಹಾಡು ಹೇಳಿದಳು. "ಮುಂದಿಂದು ಅತ್ತಿಗೇ ಬರ್ತಿತ್ರಿ" ಎಂದಳು. ನನ್ನ ಬಳಿ ಈಗ ಇರುವುದು ಆ ಅರ್ಧವೇ.

ಇಷ್ಟು ಕೇಳಿ ಬದಲಾವಣೆಯೇ ಬೇಡವೆಂದು ಯಾರೂ ತಿಳಿಯಬಾರದು. ಕೇರಳದ ಸರಕಾರಿ ಶಾಲೆಗಳು 2000ದ ದಶಕದಲ್ಲೇ 'ಐಟಿ ಅಟ್ ಸ್ಕೂಲ್' ಯೋಜನೆಯ ಮೂಲಕ ಗ್ನೂ/ಲಿನಕ್ಸಿಗೆ ಬದಲಾದವು. 2017ರಿಂದ ಆ ಕೆಲಸವನ್ನು 'ಕೈಟ್' ಸಂಸ್ಥೆ ನಡೆಸುತ್ತಿದೆ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಶಾಲೆಯ ಕಂಪ್ಯೂಟರೆಂದರೆ ಅದೇ. ನಮಗೆ ಸಾಹಸವೆನಿಸುವುದು ಆ ಮಕ್ಕಳಿಗೆ ನಿತ್ಯದ ಪಾಠ. ಇನ್ನೊಂದೆಡೆ ಜರ್ಮನಿಯ ಮ್ಯೂನಿಕ್ ನಗರಸಭೆಯ ಕಥೆ ಬೇರೆ. 2003ರಲ್ಲಿ ಲಿನಕ್ಸನ್ನು ಆಯ್ದುಕೊಂಡು, ಹತ್ತು ವರ್ಷ ಶ್ರಮಿಸಿ ಸಾವಿರಾರು ಯಂತ್ರಗಳನ್ನು ಬದಲಿಸಿ, 2017ರಲ್ಲಿ ಮರಳಿ ವಿಂಡೋಸಿಗೆ ಹೋಗಲು ಅದು ನಿರ್ಧರಿಸಿತು. ಹೊರಗಿನ ಕಚೇರಿಗಳೊಡನೆ ಕಡತಗಳನ್ನು ಕೊಟ್ಟು ತೆಗೆದುಕೊಳ್ಳುವ ತೊಡಕು ಅಲ್ಲಿನ ದೂರುಗಳಲ್ಲಿ ಒಂದಾಗಿತ್ತು. ಎರಡು ನಿದರ್ಶನಗಳೂ ಹೇಳುವುದು ಒಂದನ್ನೇ: ವ್ಯವಸ್ಥೆಯ ಗುಣಕ್ಕಿಂತ, ಬರೆದದ್ದು ಎಲ್ಲೆಡೆ ಓದಲು ಬರುತ್ತದೆಯೇ ಎಂಬುದೇ ಕಡೆಗೆ ಮುಖ್ಯವಾಗುತ್ತದೆ.

ಆದ್ದರಿಂದ ಬದಲಾಗಹೊರಟವರು ಕೆಲವು ಮಾತುಗಳನ್ನು ನೆನಪಿಡುವುದು ಒಳ್ಳೆಯದು. ಮೊದಲು ಎಲ್ಲ ಕಡತಗಳಿಗೂ ಎರಡು ಪ್ರತಿ ಮಾಡಿ, ಬೇರೆ ಬೇರೆ ಕಡೆ ಇರಿಸಬೇಕು. ಲಿನಕ್ಸನ್ನು ಸ್ಥಾಪಿಸದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು. ಮುದ್ರಣಯಂತ್ರ ಹೊಂದುವುದೇ ಎಂಬುದನ್ನು ಆಗಲೇ ಪರೀಕ್ಷಿಸಬೇಕು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಅಲ್ಲಿಯೂ ಇದೆ. 'ಗುಬ್ಬಿ', 'ನವಿಲು' ಎಂಬ ಚೆಲುವಾದ ಹೆಸರಿನ ಮುಕ್ತ ಫಾಂಟುಗಳೂ ಇವೆ. ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಹಳೆಯ ಫಾಂಟಿನ ಬರಹಗಳನ್ನು ಹಳೆಯ ವ್ಯವಸ್ಥೆ ಇನ್ನೂ ಜೀವಂತವಾಗಿರುವಾಗಲೇ ಯೂನಿಕೋಡಿಗೆ ತಂದು, ಮೂಲವನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ನೋಡುವುದು. ಮೂಲವನ್ನು ಅಳಿಸಬಾರದು. ಪರಿವರ್ತಕದ ಮೇಲೆ ಪೂರ್ತಿ ಭಾರ ಹಾಕಬಾರದು; ಅರ್ಥ ಬಲ್ಲ ಕಣ್ಣು ಒಮ್ಮೆ ಅದರ ಮೇಲೆ ಹಾಯಲೇಬೇಕು.

ಇಂದು ಹೊಸದೆನಿಸುವ ವ್ಯವಸ್ಥೆಯೂ ಒಂದು ದಿನ ಹಳೆಯದಾಗುವುದು. ಆಗ ಮತ್ತೆ ಸಾಮಾನು ಕಟ್ಟಬೇಕು. ನಮ್ಮ ಪೆಟ್ಟಿಗೆಯಲ್ಲಿ ಏನಿದೆ, ಅದನ್ನು ಮುಂದಿನವರು ಓದಬಲ್ಲರೇ ಎಂದು ಈಗಲೇ ಒಮ್ಮೆ ತೆರೆದು ನೋಡುವುದು ಮೇಲು. ಹೇಳಿದವರು ಇದ್ದಾಗ ಹಾಡನ್ನು ತಿದ್ದಿಕೊಳ್ಳಬಹುದು. ಅವರು ಹೋದ ಮೇಲೆ ಉಳಿಯುವುದು ನಾವು ಬರೆದಿಟ್ಟದ್ದು ಮಾತ್ರ.